ವಿಷದ ಬೆನ್ನು ಹತ್ತಿದ ಕವಿವೈದ್ಯ

ಕವಿತೆ ಬರೆಯುವ ಕೈಯೇ ರೋಗಿಯ ನಾಡಿಯನ್ನೂ ಹಿಡಿಯುವುದು ಅಪೂರ್ವ. ಜರ್ಮನಿಯ ಯೂಸ್ಟಿನುಸ್ ಕೆರ್ನರನು ಅಂತಹ ಅಪೂರ್ವ ಪುರುಷರಲ್ಲಿ ಒಬ್ಬನು. ಅವನ ಹನ್ನೆರಡು ಕವಿತೆಗಳಿಗೆ ಶೂಮನ್ ಎಂಬ ಪ್ರಸಿದ್ಧ ಸಂಗೀತಗಾರನು 1840ರಲ್ಲಿ ಸ್ವರ ಸಂಯೋಜಿಸಿದನು. ಆಹಾರದಲ್ಲಿ ಅಡಗುವ ಒಂದು ಘೋರ ವಿಷದ ಸ್ವರೂಪವನ್ನು ಬಿಡಿಸಿ ಹೇಳಿದ್ದಕ್ಕಾಗಿ ವೈದ್ಯಲೋಕವೂ ಅವನನ್ನು ಸ್ಮರಿಸುತ್ತದೆ.

ಕೆರ್ನರನು 1786ನೆಯ ಸೆಪ್ಟೆಂಬರ್ 18ರಂದು ವುರ್ಟೆಂಬರ್ಗ್ ಸೀಮೆಯ ಲುಡ್ವಿಗ್ಸ್‌ಬರ್ಗಿನಲ್ಲಿ ಜನಿಸಿದನು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬಟ್ಟೆಯ ಕಾರ್ಖಾನೆಯೊಂದನ್ನು ಸೇರಬೇಕಾಯಿತು. ಆದರೂ ಓದುವ ಹಂಬಲ ಬತ್ತಲಿಲ್ಲ. 1804ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದನು. ಹಲವು ಊರುಗಳಲ್ಲಿ ಚಿಕಿತ್ಸೆ ನಡೆಸಿ, 1819ರಲ್ಲಿ ವೈನ್ಸ್‌ಬರ್ಗ್ ಎಂಬ ಪುಟ್ಟ ಊರಿಗೆ ಸರಕಾರಿ ವೈದ್ಯನಾಗಿ ಬಂದು ನೆಲೆಸಿದನು.

ನೆಪೋಲಿಯನ್ನನ ಯುದ್ಧಗಳಿಂದ ಆ ಸೀಮೆಯಲ್ಲಿ ಬಡತನ ತಾಂಡವವಾಡುತ್ತಿದ್ದ ಕಾಲವದು. ಹಂದಿಯ ಕರುಳು, ಜಠರಗಳಲ್ಲಿ ರಕ್ತಮಾಂಸಗಳನ್ನು ತುಂಬಿ, ಹೊಗೆಯಾಡಿಸಿ, ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುವುದು ಅಲ್ಲಿಯ ರೂಢಿ. ಸಾಸೇಜ್ ಎಂಬ ಈ ತಿನಿಸನ್ನು ತಿಂದ ಕೆಲವರಿಗೆ ವಿಚಿತ್ರ ಬೇನೆಯೊಂದು ತಗಲುತ್ತಿತ್ತು. ಬಾಯಿ ಒಣಗುವುದು, ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆಗಳು ಜೋಲುವುವು, ನುಂಗಲಾಗದು. ಕೊನೆಗೆ ಉಸಿರಾಟದ ಸ್ನಾಯುಗಳೇ ಸೋತುಹೋಗುವುವು. ಇಷ್ಟಾದರೂ ರೋಗಿಯ ಬುದ್ಧಿ ಮಾತ್ರ ತಿಳಿಯಾಗಿರುವುದು!

ಕೆರ್ನರನು ರೋಗಿಗಳ ವಿವರಗಳನ್ನು ತಾಳ್ಮೆಯಿಂದ ಸಂಗ್ರಹಿಸಿದನು. 1820ರಲ್ಲಿ ಎಪ್ಪತ್ತಾರು ಮಂದಿಯ, 1822ರಲ್ಲಿ ನೂರೈವತ್ತೈದು ಮಂದಿಯ ವೃತ್ತಾಂತಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಕೆಟ್ಟ ಸಾಸೇಜಿನಿಂದ ತೆಗೆದ ರಸವನ್ನು ಮೊಲ, ಕಪ್ಪೆ ಮೊದಲಾದ ಪ್ರಾಣಿಗಳ ಮೇಲೆ ಪರೀಕ್ಷಿಸಿದನು. ಅಷ್ಟಕ್ಕೆ ತೃಪ್ತನಾಗದೆ ಕೆಲವು ಹನಿಗಳನ್ನು ತನ್ನ ನಾಲಗೆಗೇ ಇಟ್ಟುಕೊಂಡನು! ಅವನ ಬಾಯಿ, ಗಂಟಲುಗಳು ಒಣಗಿದವು. ಇದು ಪ್ರಾಣದೊಡನೆ ಆಡಿದ ಆಟ, ಯಾರೂ ಅನುಕರಿಸತಕ್ಕದ್ದಲ್ಲ.

ಈ ವಿಷವು ಗಾಳಿಯಾಡದ ಆಹಾರದಲ್ಲಿ ಹುಟ್ಟುತ್ತದೆ, ನರಗಳಿಂದ ಸ್ನಾಯುಗಳಿಗೆ ಹೋಗುವ ಪ್ರೇರಣೆಯನ್ನು ತಡೆಯುತ್ತದೆ, ಅತ್ಯಲ್ಪ ಪ್ರಮಾಣದಲ್ಲಿಯೂ ಕೊಲ್ಲುತ್ತದೆ ಎಂದು ಅವನು ನಿರ್ಣಯಿಸಿದನು. ಇದನ್ನೇ ಮಿತವಾಗಿ ಬಳಸಿದರೆ ನರಗಳ ಅತಿಯಾದ ಉದ್ರೇಕಕ್ಕೆ ಔಷಧಿಯಾದೀತೆಂದೂ ಊಹಿಸಿದನು. ಆ ಊಹೆ ಸುಳ್ಳಾಗಲಿಲ್ಲ. 1989ರಲ್ಲಿ ಅಮೆರಿಕವು ಮೆಳ್ಳೆಗಣ್ಣಿನ ಚಿಕಿತ್ಸೆಗೆ ಈ ವಿಷವನ್ನು ಮದ್ದಾಗಿ ಅಂಗೀಕರಿಸಿತು.

ವಿಷವನ್ನು ಹುಟ್ಟಿಸುವ ಸೂಕ್ಷ್ಮಜೀವಿ ಮಾತ್ರ ಕೆರ್ನರನಿಗೆ ಗೋಚರವಾಗಲಿಲ್ಲ. ಮುಪ್ಪಿನಲ್ಲಿ ಅವನ ಕಣ್ಣು ಮಂಜಾಯಿತು. 1862ನೆಯ ಫೆಬ್ರವರಿ 21ರಂದು ವೈನ್ಸ್‌ಬರ್ಗಿನಲ್ಲಿ ಅವನು ಕಾಲವಾದನು. 1895ರಲ್ಲಿ ಬೆಲ್ಜಿಯಮ್ ದೇಶದ ಹಳ್ಳಿಯೊಂದರಲ್ಲಿ ಶವಸಂಸ್ಕಾರದ ಊಟದಲ್ಲಿ ಹಂದಿಮಾಂಸ ತಿಂದ ವಾದ್ಯಗಾರರು ಕಾಯಿಲೆ ಬಿದ್ದರು, ಮೂವರು ಸತ್ತರು. ಅದರ ಕಾರಣವನ್ನು ಹುಡುಕಿದ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿಯು ಆ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. ಲ್ಯಾಟಿನ್ ಭಾಷೆಯಲ್ಲಿ ಬೊಟುಲುಸ್ ಎಂದರೆ ಸಾಸೇಜ್. ಆದುದರಿಂದಲೇ ಈ ರೋಗಕ್ಕೆ ಬೊಟುಲಿಸಂ ಎಂಬ ಹೆಸರು.

ಕುದಿಯುವ ನೀರು ಈ ವಿಷವನ್ನು ಕೆಡಿಸುತ್ತದೆ. ಸೂಕ್ಷ್ಮಜೀವಿಯ ಬೀಜಕಣಗಳಾದರೋ ಅದರಲ್ಲಿಯೂ ಬದುಕಿ ಉಳಿಯಬಲ್ಲವು. ಅದಕ್ಕಾಗಿಯೇ ಹುಳಿಯಿಲ್ಲದ ಪದಾರ್ಥಗಳ ಡಬ್ಬಿಗಳನ್ನು ಕಾರ್ಖಾನೆಗಳಲ್ಲಿ ಒತ್ತಡದ ಹಬೆಯಿಂದ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಾಯಿಸುತ್ತಾರೆ. ಅದರಲ್ಲಿ ತಪ್ಪಾದರೆ ಅನಾಹುತವೇ ಸರಿ. 1971ರಲ್ಲಿ ಅಮೆರಿಕದಲ್ಲಿ ಡಬ್ಬಿಯ ಸಾರು ಕುಡಿದು ಒಬ್ಬನು ಸತ್ತಾಗ, ಆ ಕಂಪೆನಿಯ ಸರಕನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ತರಿಸಲಾಯಿತು. ಈ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಆದಕಾರಣ ಸಂಶಯ ಬಂದೊಡನೆ ಸಾವಿರಾರು ಡಬ್ಬಿಗಳನ್ನು ಬಿಸುಡುವುದು ಪೋಲಲ್ಲ, ವಿವೇಕ.

ಮಕ್ಕಳೇ, ಉಬ್ಬಿದ ಅಥವಾ ಸೋರುವ ಡಬ್ಬಿಯು ಮನೆಯಲ್ಲಿ ಕಂಡರೆ ಅದನ್ನು ತೆರೆಯಬೇಡಿರಿ, ರುಚಿ ನೋಡಲೂ ಬೇಡಿರಿ. ಒಡನೆ ಹಿರಿಯರಿಗೆ ತಿಳಿಸಿರಿ. ಆ ಪರೀಕ್ಷೆಯನ್ನು ಇನ್ನೂರು ವರ್ಷಗಳ ಹಿಂದೆಯೇ ಕೆರ್ನರನು ನಮ್ಮೆಲ್ಲರ ಪರವಾಗಿ ತನ್ನ ನಾಲಗೆಯ ಮೇಲೆ ಮಾಡಿ ಮುಗಿಸಿದ್ದಾನೆ.