ಪತಂಗ ಅಂಟಿಸಿದ ಪುಟ

ಚಿಕ್ಕವಳಿದ್ದಾಗ ಅಲಾರಂ ಗಡಿಯಾರ ಬಿಚ್ಚಿ ಅಪ್ಪನಿಂದ ಬೈಸಿಕೊಂಡವಳು ನಾನು. ಅಮೆರಿಕದ ಗ್ರೇಸ್ ಹಾಪರ್ ಏಳರ ವಯಸ್ಸಿನಲ್ಲಿ ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಹಾಕಿದ್ದರು ಎಂದು ಓದಿದಾಗಲೇ ಅವರು ನನಗೆ ಹತ್ತಿರದವರಾದರು.

1906ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಹಾಪರ್ ಗಣಿತದಲ್ಲಿ ಪಿಎಚ್‌.ಡಿ ಪಡೆದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲಕ್ಕೆ ನೌಕಾಪಡೆ ಸೇರಲು ಹೋದರೆ ವಯಸ್ಸು ಹೆಚ್ಚು, ತೂಕ ಕಡಿಮೆ ಎಂಬ ಅಡ್ಡಿ. ಪಟ್ಟು ಬಿಡದೆ ವಿನಾಯಿತಿ ಪಡೆದು 1943ರಲ್ಲಿ ಸೇರಿಯೇಬಿಟ್ಟರು. ಮರುವರ್ಷ ಹಾರ್ವರ್ಡ್‌ನಲ್ಲಿ ಮಾರ್ಕ್ 1 ಕಂಪ್ಯೂಟರಿನ ಕೆಲಸ ಸಿಕ್ಕಿತು.

1947ರಲ್ಲಿ ಮಾರ್ಕ್ 2 ಯಂತ್ರ ಕೈಕೊಟ್ಟಾಗ ಅದರ ರಿಲೇಯೊಳಗೆ ಪತಂಗವೊಂದು ಸಿಕ್ಕಿಕೊಂಡಿತ್ತು. ತಂಡದವರು ಅದನ್ನು ಲಾಗ್‌ಬುಕ್ಕಿಗೆ ಟೇಪಿನಿಂದ ಅಂಟಿಸಿ, ವೇಳೆಯ ಸಮೇತ ಬರೆದಿಟ್ಟರು. ದೋಷಕ್ಕೆ ‘ಬಗ್’ ಎನ್ನುವ ರೂಢಿ ಮೊದಲೇ ಇತ್ತು. ಪತಂಗದ ಕತೆಯನ್ನು ಹೋದಲ್ಲೆಲ್ಲ ಹೇಳಿದವರು ಹಾಪರ್. 1952ರಲ್ಲಿ ಅವರು ರೂಪಿಸಿದ ಎ-0 ಮೊದಲ ಕಂಪೈಲರ್‌ಗಳಲ್ಲೊಂದು. ಕೋಬಾಲ್ ಭಾಷೆಗೂ ಅವರ ಕೆಲಸವೇ ತಳಹದಿ. 79ರಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು, 1992ರಲ್ಲಿ ತೀರಿಕೊಂಡರು.

ಕಳೆದ ವರ್ಷ ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ನಾನು ಬ್ಯಾಕಪ್ ತೆಗೆಯದೆ ಅಪ್‌ಡೇಟ್ ಒತ್ತಿದೆ. ಪರೀಕ್ಷಾ ವೇಳಾಪಟ್ಟಿಯ ಪುಟವೇ ಮಾಯ! ಹೆದರಿ ಬಾಯಿ ಬಿಡಲಿಲ್ಲ. ಎರಡು ದಿನ ಗೆಳೆಯರು ಪರದಾಡಿದರು. ಹಾಪರ್ ಬದುಕು ಓದಿದ ಮೇಲೆ ನೂರು ಪುಟದ ನೋಟ್‌ಬುಕ್ ಕೊಂಡೆ. ಏನು ಬದಲಿಸಿದೆ, ಯಾವಾಗ, ಏನು ಕೆಟ್ಟಿತು, ಹೇಗೆ ಸರಿಯಾಯಿತು, ಎಲ್ಲವನ್ನೂ ಬರೆಯುತ್ತೇನೆ. ಮೊದಲ ಪುಟದಲ್ಲಿರುವುದು ಆ ವೇಳಾಪಟ್ಟಿಯ ತಪ್ಪೇ.

ಮೊನ್ನೆ ಸಂದರ್ಶನಕ್ಕೆ ಆ ನೋಟ್‌ಬುಕ್ಕನ್ನೂ ಒಯ್ದಿದ್ದೆ. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಅವರು ಹೆಚ್ಚು ಹೊತ್ತು ನೋಡಿದ್ದು ನನ್ನ ಅಂಕಪಟ್ಟಿಯನ್ನಲ್ಲ, ಆ ಮೊದಲ ಪುಟವನ್ನು.