ಓಗಾಟ ಕೋರಿನ್: ಲಕ್ಕೋಟೆಯ ಮೇಲಿನ ಹೂವು

ಜಪಾನ್ ದೇಶದಲ್ಲಿ ಹೊಸ ವರ್ಷದ ದಿನ ಹಿರಿಯರು ಮಕ್ಕಳಿಗೆ ಕೊಡುವ ಹಣವನ್ನು ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಲಕ್ಕೋಟೆಯಲ್ಲಿಟ್ಟು ಕೊಡುವ ಪದ್ಧತಿಯುಂಟು. ಆ ಲಕ್ಕೋಟೆಗಳ ಮೇಲೆಯೂ ಕಾಗದ ಬರೆಯುವ ಹಾಳೆಗಳ ಮೇಲೆಯೂ ಶುಭಚಿಹ್ನೆಗಳನ್ನು ಅಚ್ಚು ಹಾಕಿರುತ್ತಾರೆ. ಕ್ರೌಂಚ ಪಕ್ಷಿಯೆಂದರೆ ಸಾವಿರ ವರ್ಷದ ಆಯುಸ್ಸು. ಆಮೆಯೆಂದರೆ ಹತ್ತು ಸಾವಿರ ವರ್ಷ. ಸದಾ ಹಸುರಾಗಿರುವ ಪೈನ್ ಮರ ಸ್ಥಿರತೆಗೆ ಗುರುತು, ಚಳಿಯಲ್ಲಿಯೇ ಅರಳುವ ಪ್ಲಮ್ ಹೂ ಧೈರ್ಯಕ್ಕೆ. ನಾವು ಕಾಗದದ ತಲೆಯಲ್ಲಿ ಶ್ರೀಕಾರ ಬರೆದು, ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಸಿನ ಹಚ್ಚುವುದಿಲ್ಲವೆ? ಇದೂ ಹಾಗೆಯೇ. ಈ ಹೂವುಗಳಲ್ಲಿ ಒಂದು ಬಗೆಗೆ ಕೋರಿನ್ ಪ್ಲಮ್ ಎಂದು ಹೆಸರು. ದುಂಡನೆಯ ಕೆಲವೇ ಗೆರೆಗಳು. ಅಷ್ಟರಲ್ಲಿ ಹೂವು ಮುಗಿಯುತ್ತದೆ. ಅದಕ್ಕೆ ಹೆಸರಿತ್ತ ಚಿತ್ರಕಾರನ ಬಾಳು ಮಾತ್ರ ಅಷ್ಟು ಸರಳವಾಗಿರಲಿಲ್ಲ.

ಓಗಾಟ ಕೋರಿನ್ 1658ರಲ್ಲಿ ಕ್ಯೋಟೋ ನಗರದಲ್ಲಿ ಜನಿಸಿದನು. ಅವನ ಮನೆತನದ್ದು ಕಾರಿಗಾನೆಯ ಎಂಬ ಜವಳಿ ಅಂಗಡಿ. ಚಕ್ರವರ್ತಿಯ ಪತ್ನಿಯಾಗಿದ್ದ ತೋಫುಕುಮೋನ್‌ಇನ್‌ಗೆ ಉಡುಪುಗಳನ್ನು ಒದಗಿಸುತ್ತಿದ್ದ ದೊಡ್ಡ ಮನೆ. ತಂದೆ ಸೋಕೆನ್ ಒಳ್ಳೆಯ ಲಿಪಿಕಾರ. ಬಾಲಕನು ಬಣ್ಣದ ಬಟ್ಟೆಗಳ, ಹೂಬಳ್ಳಿಗಳ ನಮೂನೆಗಳ ನಡುವೆ ಬೆಳೆದನು. ನೋ ನಾಟಕದ ಹುಚ್ಚೂ ಹತ್ತಿತು. 1678ರಲ್ಲಿ ರಾಣಿ ತೀರಿಕೊಂಡಳು. ಪಾಳೆಯಗಾರರಿಗೆ ಕೊಟ್ಟ ಸಾಲ ಹಿಂದಿರುಗಲಿಲ್ಲ. 1687ರಲ್ಲಿ ತಂದೆಯೂ ಕಣ್ಮುಚ್ಚಿದನು. ತನ್ನ ಪಾಲಿಗೆ ಬಂದ ಆಸ್ತಿಯನ್ನು ಕೋರಿನ್ನನು ಕೆಲವೇ ವರ್ಷಗಳಲ್ಲಿ ಭೋಗಕ್ಕೆ ಕರಗಿಸಿಬಿಟ್ಟನು. ಅರಾಶಿಯಾಮದ ವನಭೋಜನಕ್ಕೆ ಹೋದಾಗ, ಚಿನ್ನದ ರೇಕಿನ ಮೇಲೆ ಚಿತ್ರ ಬರೆದ ಬಿದಿರ ಹಾಳೆಯಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ, ಉಂಡ ಬಳಿಕ ಅದನ್ನು ಹೊಳೆಗೆಸೆದನೆಂದು ಒಂದು ಕಥೆಯಿದೆ. ಕಥೆ ಹೇಗಾದರೂ ಇರಲಿ, ಸಾಲವಂತೂ ನಿಜ. ಮಿತವ್ಯಯಿಯೂ ಏಕಾಂತಪ್ರಿಯನೂ ಆಗಿದ್ದ ತಮ್ಮ ಕೆನ್‌ಜಾನನ ಮುಂದೆಯೇ ಅಣ್ಣನು ಕೈಚಾಚಬೇಕಾಯಿತು.

ಹೀಗೆ, ಹವ್ಯಾಸಕ್ಕೆ ಹಿಡಿದಿದ್ದ ಕುಂಚವೇ ನಲವತ್ತರ ಹೊತ್ತಿಗೆ ಅನ್ನದ ದಾರಿಯಾಯಿತು. ತನಗಿಂತ ಹಿಂದಿನ ಸೋತಾತ್ಸುವಿನ ಚಿತ್ರಗಳನ್ನು ನಕಲು ಮಾಡಿ ಅವನು ಕೈ ಪಳಗಿಸಿಕೊಂಡನು. 1699ರಲ್ಲಿ ಕೆನ್‌ಜಾನನು ನರುತಾಕಿಯಲ್ಲಿ ಮಣ್ಣಿನ ಪಾತ್ರೆ ಸುಡುವ ಗೂಡನ್ನು ಕಟ್ಟಿದನು. ತಮ್ಮನು ಮಾಡಿದ ತಟ್ಟೆಗಳ ಮೇಲೆ ಅಣ್ಣನು ಚಿತ್ರ ಬರೆದನು. ದೀರ್ಘಾಯುಷ್ಯದ ದೇವತೆಯಾದ ಜುರೋಜಿನ್‌ನನ್ನು ಚಿತ್ರಿಸಿದ ಆರು ಮೂಲೆಯ ತಟ್ಟೆಯೊಂದು ಇಂದಿಗೂ ಇದೆ. ತಮ್ಮನು ಸಾಲ ಕೊಟ್ಟುದಕ್ಕಿಂತ ತಟ್ಟೆ ಕೊಟ್ಟುದೇ ದೊಡ್ಡ ಉಪಕಾರವೆಂದು ನಮ್ಮ ಎಣಿಕೆ. ಗೇಣಗಲದ ಮಣ್ಣಿನ ಮೇಲೆ ಹೆಚ್ಚು ಗೆರೆಗಳಿಗೆ ಎಡೆಯಿಲ್ಲ. ಬೇಡವಾದುದನ್ನು ಬಿಡುವುದನ್ನು ಅಲ್ಲಿ ಕಲಿಯಲೇಬೇಕು.

1701ರಲ್ಲಿ ಕೋರಿನ್ನನಿಗೆ ಹೊಕ್ಕ್ಯೋ, ಎಂದರೆ ಧರ್ಮಸೇತು, ಎಂಬ ಬಿರುದು ದೊರೆಯಿತು. ಐರಿಸ್ ಹೂಗಳ ಹೆಸರಾಂತ ಚಿತ್ರತೆರೆ ಆ ಕಾಲದ್ದು. ಚಿನ್ನದ ಬಯಲಿನಲ್ಲಿ ನೀಲಿ ಹೂಗಳು, ಹಸುರು ಎಲೆಗಳು, ಮತ್ತೇನೂ ಇಲ್ಲ. ಅದೇ ಹೂವನ್ನು ಅವನು ಬರವಣಿಗೆಯ ಪೆಟ್ಟಿಗೆಯೊಂದಕ್ಕೂ ಇಳಿಸಿದನು. ಕಪ್ಪು ಅರಗಿನ ಆ ಪೆಟ್ಟಿಗೆಯ ಮೇಲಂತಸ್ತು ಮಸಿಗಲ್ಲು ಕುಂಚಗಳಿಗೆ, ಕೆಳಗಿನದು ಕಾಗದಕ್ಕೆ. ದಳಗಳಿಗೆ ಚಿಪ್ಪು, ಎಲೆಗಳಿಗೆ ಚಿನ್ನ. ಹೂಗಳ ನಡುವೆ ಹಾಯುವ ಸೇತುವೆಯ ಹಲಗೆಗಳಿಗೆ ಮಾತ್ರ ಬರಿಯ ಸೀಸ! ಚಿನ್ನದ ಪಕ್ಕದಲ್ಲಿ ಸೀಸವನ್ನಿಡಲು ಎದೆಗಾರಿಕೆ ಬೇಕು. ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಅದನ್ನು ರಾಷ್ಟ್ರನಿಧಿಯಾಗಿ ಕಾಪಾಡುತ್ತಿದೆ.

ಆಶ್ರಯವನ್ನರಸಿ ಎಡೋ ನಗರಕ್ಕೆ ಹೋಗಿ ಕೆಲವು ವರ್ಷ ಸಿರಿವಂತರ ಮನೆಗಳಲ್ಲಿ ದುಡಿದು, 1709ರಲ್ಲಿ ಕ್ಯೋಟೋಗೆ ಮರಳಿದನು. ಕೊನೆಗಾಲದ ಕೃತಿ ಕೆಂಪು ಬಿಳಿಯ ಪ್ಲಮ್ ಮರಗಳ ಜೋಡಿ ತೆರೆ. ನಡುವೆ ಸುಳಿಸುಳಿಯಾಗಿ ಹರಿಯುವ ಕರಿಯ ಹೊಳೆ. ಇಕ್ಕೆಲದ ಕೊಂಬೆಗಳಲ್ಲಿ ಅಂಚುಗೆರೆಯಿಲ್ಲದ, ಬಣ್ಣದ ಮುದ್ದೆಯಂತಹ ಹೂಗಳು. ಲಕ್ಕೋಟೆಯ ಹೂವಿನ ಹಿರಿಯಕ್ಕಂದಿರು ಇವು. 1716ರಲ್ಲಿ ಕೋರಿನ್ನನು ತೀರಿಕೊಂಡನು.

ಅವನ ಹೆಸರು ಹೊತ್ತ ನಮೂನೆಗಳನ್ನು ಬಟ್ಟೆಯವರು ಪುಸ್ತಕಗಳಲ್ಲಿ ಅಚ್ಚು ಹಾಕಿಸಿಕೊಂಡರು. ನೂರನೆಯ ವರ್ಷದ ಪುಣ್ಯಸ್ಮರಣೆಗೆ, 1815ರಲ್ಲಿ, ಸಕಾಯ್ ಹೋಯಿತ್ಸು ಎಂಬ ಚಿತ್ರಕಾರನು ಅವನ ಕೃತಿಗಳನ್ನು ಕಲೆಹಾಕಿ ಪ್ರದರ್ಶಿಸಿ, ಮರದಚ್ಚಿನ ಪುಸ್ತಕವನ್ನೂ ಹೊರತಂದನು. ಪ್ಲಮ್ ಮಾತ್ರವಲ್ಲದೆ ಪೈನ್, ಕ್ರೌಂಚ, ಅಲೆ ಇವುಗಳಿಗೂ ಕೋರಿನ್ನನ ಹೆಸರು ಅಂಟಿಕೊಂಡಿತು. ದತ್ತುಹೋದ ಮಗನ ಕಡೆಯ ಕೋನಿಶಿ ಮನೆತನದವರು ಅವನ ಕರಡು ಚಿತ್ರಗಳನ್ನೂ ಕಾಗದಪತ್ರಗಳನ್ನೂ ತಲೆತಲಾಂತರವಾಗಿ ಕಾಪಾಡಿಕೊಂಡು ಬಂದರು. ಆ ಕಟ್ಟಿನಲ್ಲಿ ಅವನ ಸಾಲಪತ್ರಗಳೂ ಇವೆ.