ಬೆಂಗಳೂರು ನಾಗರತ್ನಮ್ಮನವರು: ಬದುಕು ಮತ್ತು ಸಾರ್ವಜನಿಕ ಕಲಾಸೇವೆ

ಪುಷ್ಯ ಬಹುಳ ಪಂಚಮಿ ಬಂತೆಂದರೆ ವಿಜಯವಾಡ, ವಿಶಾಖಪಟ್ಟಣಗಳಂಥ ತೆಲುಗು ನಗರಗಳಲ್ಲಿಯೂ ನಮ್ಮ ಮೈಸೂರು, ಬೆಂಗಳೂರುಗಳಲ್ಲಿಯೂ ಗಂಡಸರು ಹೆಂಗಸರೆನ್ನದೆ ಒಟ್ಟಾಗಿ ಕುಳಿತು ತ್ಯಾಗರಾಜರ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಅಲ್ಲಿ ವಿದ್ವಾಂಸರ ಪಕ್ಕದಲ್ಲಿ ಕಲಿಯುವ ಹುಡುಗಿಯೂ ಕುಳಿತಿರುತ್ತಾಳೆ. ಈ ಆರಾಧನೆಯ ಮೂಲಸ್ಥಾನವಾದ ತಿರುವೈಯಾರಿನಲ್ಲಿ ಒಂದು ಕಾಲಕ್ಕೆ ಹೆಣ್ಣುಮಕ್ಕಳಿಗೆ ಹಾಡುವ ಅವಕಾಶವಿರಲಿಲ್ಲವೆಂಬುದನ್ನೂ, ಆ ಸ್ಥಿತಿಯನ್ನು ಎದುರಿಸಿ ನಿಂತವರು ಕನ್ನಡ ನಾಡಿನ ಒಬ್ಬ ಹೆಣ್ಣುಮಗಳೆಂಬುದನ್ನೂ ಹಾಡುವವರೆಲ್ಲ ಬಲ್ಲರೆಂದು ಹೇಳಲಾಗದು.

ನಾಗರತ್ನಮ್ಮನವರು 1878ರ ನವೆಂಬರ್ 3ರಂದು ನಂಜನಗೂಡಿನಲ್ಲಿ ಜನಿಸಿದರು. ತಾಯಿ ಪುಟ್ಟಲಕ್ಷ್ಮಮ್ಮನವರು ದೇವದಾಸಿ ಮನೆತನದವರು. ತಂದೆ ಕೈಬಿಟ್ಟ ಮೇಲೆ ಮಗಳನ್ನು ವಿದ್ಯಾವತಿಯನ್ನಾಗಿ ಮಾಡಲೇಬೇಕೆಂಬ ಹಟದಿಂದ ಆಕೆ ಪಟ್ಟ ಪಾಡು ಸಣ್ಣದಲ್ಲ. ಮೈಸೂರಿನಲ್ಲಿ ಗಿರಿಭಟ್ಟರ ತಮ್ಮಯ್ಯನವರಲ್ಲಿ ಸಂಸ್ಕೃತ ಪಾಠವಾಯಿತು. ಅಲ್ಲಿ ಆಶ್ರಯ ತಪ್ಪಿದ ಮೇಲೆ ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಲ್ಲಿ ಸಂಗೀತ. ಈ ಗುರುಗಳು ವಾಲಾಜಾಪೇಟೆ ಕೃಷ್ಣಸ್ವಾಮಿ ಭಾಗವತರ ಶಿಷ್ಯರು. ಹೀಗಾಗಿ ತ್ಯಾಗರಾಜರ ಶಿಷ್ಯಪರಂಪರೆಯ ಬಳ್ಳಿಯೊಂದು ನಾಗರತ್ನಮ್ಮನವರವರೆಗೂ ಹಬ್ಬಿತೆನ್ನಬೇಕು. ಮೈಸೂರು ಸೀಮೆಯಲ್ಲಿ ಹೆಸರು ಗಳಿಸಿದ ಅವರು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿಗೆ ತೆರಳಿ, ಗಾಯನದಿಂದ ಕೀರ್ತಿಯನ್ನೂ ಸಂಪತ್ತನ್ನೂ ಪಡೆದರು.

ಅವರ ದಿಟ್ಟತನ ಮೊದಲು ಪ್ರಕಟವಾದದ್ದು ಸಾಹಿತ್ಯದ ವಿಷಯದಲ್ಲಿ. ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯ ಹಿಂದೆಯೇ ಅಚ್ಚಾಗಿತ್ತು. ಆದರೆ ಕೆಲವು ಪದ್ಯಗಳೂ ಕವಯಿತ್ರಿ ತನ್ನ ಮನೆತನವನ್ನು ಹೇಳಿಕೊಂಡ ಭಾಗವೂ ಅದರಲ್ಲಿ ಲೋಪವಾಗಿದ್ದವು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ದೊರಕಿಸಿಕೊಂಡು 1910ರಲ್ಲಿ ವಾವಿಳ್ಳ ಸಂಸ್ಥೆಯ ಮೂಲಕ ಪೂರ್ಣಪಾಠವನ್ನು ಪ್ರಕಟಿಸಿದರು. ಆಂಧ್ರದ ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲು ಅವರಿಗೆ ಈ ಕಾವ್ಯದ ಶೃಂಗಾರ ಹೆಣ್ಣಿನ ಬಾಯಲ್ಲಿ ಬರತಕ್ಕದ್ದಲ್ಲವೆಂದು ತೋರಿತ್ತು. ಹಾಗಾದರೆ ಗಂಡಸರು ಬರೆದ ಅಂಥದೇ ಶೃಂಗಾರಕ್ಕೆ ಅಳತೆಗೋಲು ಯಾವುದು ಎಂದು ನಾಗರತ್ನಮ್ಮನವರು ಪೀಠಿಕೆಯಲ್ಲಿ ಕೇಳಿದರು. ಉತ್ತರವಾಗಿ ಬಂದದ್ದು ಸರ್ಕಾರದ ನಿಷೇಧ. ಅದು ತೆರವಾಗಲು 1947ರವರೆಗೆ ಕಾಯಬೇಕಾಯಿತು.

1921ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರು ಬರೆದ ಪತ್ರದಿಂದ ತ್ಯಾಗರಾಜರ ಸಮಾಧಿ ಕಾವೇರಿಯ ದಡದಲ್ಲಿ ಪಾಳುಬಿದ್ದಿರುವುದು ಅವರಿಗೆ ತಿಳಿಯಿತು. ಮುಂದಿನದೆಲ್ಲ ಅವರ ಸಂಕಲ್ಪದ ಫಲ. ತಮ್ಮ ಗಳಿಕೆಯ ಹಣದಿಂದ ಸ್ಥಳವನ್ನು ದೊರಕಿಸಿಕೊಂಡು ಗುಡಿಯೆಬ್ಬಿಸಿದರು. 1925ರ ಜನವರಿ 7ರಂದು ಪ್ರತಿಷ್ಠೆ ನೆರವೇರಿತು.

ಆದರೆ ಆರಾಧನೆ ಅವರ ಕೈಯಲ್ಲಿರಲಿಲ್ಲ. ದೊಡ್ಡ ಕಕ್ಷಿ, ಚಿಕ್ಕ ಕಕ್ಷಿಗಳೆಂದು ಒಡೆದ ಭಾಗವತರ ಎರಡು ಬಣಗಳು ಅದನ್ನು ಬೇರೆಬೇರೆಯಾಗಿ ನಡೆಸುತ್ತಿದ್ದವು. ಇತರ ಎಲ್ಲ ವಿಷಯಗಳಲ್ಲಿ ಕಾದಾಡುತ್ತಿದ್ದ ಇವರು ಹೆಂಗಸರು ಹಾಡಕೂಡದೆಂಬ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದರು! ಗುಡಿ ಕಟ್ಟಿಸಿದವಳಿಗೇ ಗುಡಿಯ ಮುಂದೆ ಹಾಡುವ ಹಕ್ಕಿಲ್ಲ. 1927ರ ಹೊತ್ತಿಗೆ ನಾಗರತ್ನಮ್ಮನವರು ದೇವದಾಸಿ ಕಲಾವಿದೆಯರನ್ನು ಕೂಡಿಸಿ, ಸಮಾಧಿಯ ಹಿಂಭಾಗದಲ್ಲಿ ತಮ್ಮದೇ ಆರಾಧನೆಯನ್ನು ಆರಂಭಿಸಿದರು. ಹೆಂಗಸರ ಕಕ್ಷಿಯೆಂದು ಅದು ಪ್ರಸಿದ್ಧವಾಯಿತು. ಬೇಡಿ ಪಡೆಯುವುದಕ್ಕಿಂತ ಹಾಡಿ ತೋರಿಸುವುದೇ ಲೇಸೆಂದು ಅವರಿಗೆ ಅನಿಸಿರಬೇಕು. ಮೂರು ಕಕ್ಷಿಗಳೂ ಒಂದಾಗಿ, 1941ರಿಂದ ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಪಂಚರತ್ನ ಕೃತಿಗಳನ್ನು ಸಾಮೂಹಿಕವಾಗಿ ಹಾಡುವ ಪದ್ಧತಿ ಬಂತು. ಸಂಧಾನದ ಕೀರ್ತಿ ಐ.ಸಿ.ಎಸ್. ಅಧಿಕಾರಿ ಎಸ್. ವೈ. ಕೃಷ್ಣಸ್ವಾಮಿಯವರಿಗೂ ವಿದ್ವಾಂಸರಿಗೂ ಸಂದಿದೆ, ಸಲ್ಲತಕ್ಕದ್ದೇ. ಆದರೆ ಒಂದುಗೂಡುವ ಮಾತುಕತೆಯಲ್ಲಿ ಹೆಂಗಸರೂ ಒಂದು ಪಕ್ಷವಾಗಿ ನಿಂತದ್ದು ನಾಗರತ್ನಮ್ಮನವರಿಂದ.

ಅವರ ಬದುಕಿನಲ್ಲಿ ಸುಲಭವಾಗಿ ಒಪ್ಪಲಾಗದ ಒಂದು ಎಳೆಯೂ ಇದೆ. ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಪ್ರಯತ್ನಿಸಿದಾಗ, ಮದರಾಸಿನ ದೇವದಾಸಿಯರ ಸಂಘದ ಮುಂದಾಳಾಗಿ ನಾಗರತ್ನಮ್ಮನವರು ವಿರೋಧಿಸಿದರು. ಪದ್ಧತಿಯೊಂದಿಗೆ ತಮ್ಮವರ ವಿದ್ಯೆ, ಆಸ್ತಿ, ಮರ್ಯಾದೆಗಳೂ ಹೋಗುತ್ತವೆಂಬುದು ಅವರ ಭಯ. ಹುಡುಗಿಯರ ಬಾಳು ಹಾಳಾಗುತ್ತಿದ್ದುದನ್ನು ಕಂಡ ರೆಡ್ಡಿಯವರ ಕಳಕಳಿ ಸತ್ಯವಾದದ್ದು. ನಾಗರತ್ನಮ್ಮನವರ ಭಯವೂ ಹುಸಿಯಾಗಲಿಲ್ಲ. 1947ರಲ್ಲಿ ಕಾನೂನು ಬಂತು. ಹೆಂಗಸರಿಗೆ ವೇದಿಕೆ ತೆರೆಯಿತು, ಆದರೆ ಅದಕ್ಕಾಗಿ ಮೊದಲು ಹೋರಾಡಿದ ಮನೆತನಗಳ ಗಾಯಕಿಯರು ಕ್ರಮೇಣ ಅಲ್ಲಿ ವಿರಳರಾದರು.

ಕೊನೆಯ ವರ್ಷಗಳನ್ನು ಅವರು ತಿರುವೈಯಾರಿನಲ್ಲಿಯೇ ಕಳೆದರು. 1952ರ ಮೇ 19ರಂದು ತೀರಿಕೊಂಡರು. ಮುದ್ದುಪಳನಿಯ ಕಾವ್ಯವನ್ನು ವಾವಿಳ್ಳ ಸಂಸ್ಥೆ ಮರುಮುದ್ರಿಸಿದ್ದೂ ಅದೇ ವರ್ಷ. ಸಮಾಧಿಯ ಸಮೀಪದಲ್ಲಿ ಅವರಿಗೊಂದು ಸ್ಮಾರಕವಿದೆ. ಕೈಮುಗಿದು ತ್ಯಾಗರಾಜರ ಗುಡಿಯ ಕಡೆ ಮುಖಮಾಡಿ ಕುಳಿತ ಅವರ ಪ್ರತಿಮೆ ಅದರಲ್ಲಿದೆ.